ಮೊದಲು ಮೇಷ್ಟ್ರು, ಆಮೇಲೆ ಗಾಡಿ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಹಿಡಿಸುತ್ತಿರಲಿಲ್ಲ. ಒಮ್ಮೆ ಹಾಲಿನ ಸಂಘದ ಸಭೆಯಲ್ಲಿ ಹಾರ ಹಾಕಿಸಿಕೊಳ್ಳಲು ಬನ್ನಿ ಎಂದು ಅವರ ಹೆಸರು ಕೂಗಿದರೆ, ಆಸಾಮಿ ಹಿಂದಿನ ಬಾಗಿಲಿನಿಂದ ಜಾರಿಕೊಂಡು ಮೋಟಾರ್ ಸೈಕಲ್ಲಿಗೆ ಕಿಕ್ ಹೊಡೆದ ಸದ್ದು ಇಡೀ ಸಭೆಗೆ ಕೇಳಿಸಿತು. ಅಧ್ಯಕ್ಷರು ಪಾಪ ಹಾರ ಹಿಡಿದುಕೊಂಡು ನಿಂತೇ ಇದ್ದರು. ಕೊನೆಗೆ ಅದನ್ನು ಅಲ್ಲೇ ಕಟ್ಟಿದ್ದ ಒಂದು ಸೀಮೆ ಹಸುವಿಗೆ ಹಾಕಿದರು.

ಕ್ಯಾಲನೂರು ಸುತ್ತಮುತ್ತಲ ಜನಕ್ಕೆ ಅವರು ದನದ ಡಾಕ್ಟ್ರು. ನಾನೂ ‘ಡಾಕ್ಟ್ರೇ’ ಅಂತಲೇ ಕರೆಯುತ್ತಿದ್ದೆ. ‘ಡಾಕ್ಟ್ರಲ್ಲ ಮೇಷ್ಟ್ರೇ, ಸ್ಟಾಕ್‌ಮನ್ನು. ಡಾಕ್ಟ್ರು ಕೋಲಾರದಾಗೆ ಫ್ಯಾನ್ ಕೆಳಗೆ ಕೂತವ್ರೆ’ ಎನ್ನುತ್ತಿದ್ದರು. ಪಶು ಆಸ್ಪತ್ರೆಯಲ್ಲಿ ಡಾಕ್ಟರ ಕೈಕೆಳಗಿನ ಕೆಲಸ ಅವರದು. ದಿನವಿಡೀ ಹಳ್ಳಿ ತಿರುಗಿ, ಬೆದೆಗೆ ಬಂದ ಹಸುಗಳಿಗೆ ಸೀಮೆ ಹೋರಿಯ ಬೀಜ ಕೊಡುವುದು, ಕಾಲುಬಾಯಿ ಜ್ವರ ಬಂದರೆ ಸೂಜಿ ಹಾಕುವುದು. ಇಂದು ನಮ್ಮ ಹೋಬಳಿಯಲ್ಲಿ ಮನೆಮನೆಗೂ ಎರಡು ಹೊತ್ತು ಹಾಲು ಕರೆದು ಡೈರಿಗೆ ಹಾಕುತ್ತಾರಲ್ಲ, ಅದರ ಅರ್ಧ ಪುಣ್ಯ ಅವರ ಬಲಗೈಗೆ ಸೇರಬೇಕು. ಆ ಕೈಯನ್ನು ಮೊಣಕೈವರೆಗೆ ಸೋಪು ಹಾಕಿ ತೊಳೆದು, ಒಣಗಲಿ ಅಂತ ಮೇಲಕ್ಕೆ ಎತ್ತಿ ಹಿಡಿದುಕೊಂಡೇ ಮಾತಾಡುತ್ತಿದ್ದರು. ಕಾಫಿ ಕೊಟ್ಟರೆ ಎಡಗೈಯಲ್ಲಿ ಕುಡಿಯುತ್ತಿದ್ದರು. ಹೊಸಬರಿಗೆ, ಇದೇನಪ್ಪ ಈ ಮನುಷ್ಯ ಯಾರಿಗೋ ಆಶೀರ್ವಾದ ಮಾಡುತ್ತಿದ್ದಾರೆ ಅನ್ನಿಸಬೇಕು.

ಎಪ್ಪತ್ತರ ದಶಕದ ಮೊದಮೊದಲ ವರ್ಷ. ನಾನು ಕ್ಯಾಲನೂರಿನಲ್ಲಿ ಸಮಾಜ ಪಾಠ ಹೇಳುವ ಮೇಷ್ಟ್ರು, ಹೊಸದಾಗಿ ಮದುವೆಯಾದವನು. ಒಂದು ಮಧ್ಯಾಹ್ನ ಗೋಡೆಗೆ ನಕ್ಷೆ ತೂಗುಹಾಕಿ ನದಿಗಳ ಪಾಠ ಮಾಡುತ್ತಿದ್ದೆ. ಬಾಗಿಲಲ್ಲಿ ಒಬ್ಬರು ಒದ್ದೆ ಕೈ ಎತ್ತಿಕೊಂಡು ನಿಂತಿದ್ದರು. ಗಂಟೆ ಹೊಡೆಯುವವರೆಗೂ ಕಾದು, ಹುಡುಗರೆಲ್ಲ ಹೋದ ಮೇಲೆ ಒಳಗೆ ಬಂದರು.

‘ಇದ್ರಾಗೆ ಅಂಚೆಟ್ಟಿ ಎಲ್ಲೈತೆ ಮೇಷ್ಟ್ರೇ?’

ಅಂಚೆಟ್ಟಿ ಎಂಬ ಊರಿದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದರೆ ಮೇಷ್ಟ್ರಿಗೆ ಅವಮಾನ. ಹೊಸೂರಿನ ಕೆಳಗೆ, ಕಾವೇರಿಗೆ ಮುಂಚೆ, ಹಸಿರು ಬಣ್ಣ ಬಳಿದಿದ್ದ ಕಡೆ ಅಂದಾಜಿನಲ್ಲಿ ಬೆರಳಿಟ್ಟೆ.

‘ಬರೀ ಹಸಿರು ಬಳ್ದವ್ರೆ. ದಾರಿ ಎಲ್ಲಿ?’

‘ಅದು ಕಾಡು ಸ್ವಾಮಿ. ದಾರಿ ಇರಲ್ಲ.’

‘ಇಲ್ದೆ ಏನು? ನಮ್ಮಪ್ಪ ಅಲ್ಲಿಂದ ಇಲ್ಲಿಗೆ ನಡ್ಕೊಂಡೇ ಬತ್ತಿದ್ದ!’

ಅವರಪ್ಪ ದನದ ದಳ್ಳಾಳಿ. ಕಾವೇರಿಯ ಆಚೀಚೆ ಕಾಡಿನ ದೊಡ್ಡಿಗಳಲ್ಲಿ ಬೆಳೆಯುವ ಆಲಂಬಾಡಿ ಹೋರಿಗಳನ್ನು ಕೊಂಡು, ಅಂಚೆಟ್ಟಿ, ಡೆಂಕಣಿಕೋಟೆ, ಹೊಸೂರು, ಮಾಲೂರು ದಾಟಿಸಿಕೊಂಡು ಕೋಲಾರದ ಸಂತೆಗೆ ಹೊಡೆದುಕೊಂಡು ಬರುತ್ತಿದ್ದನಂತೆ. ಕಪ್ಪಿಗೆ ತಿರುಗಿದ ಬೂದು ಬಣ್ಣ, ಹಿಂದಕ್ಕೆ ಬಾಗಿದ ಕೊಂಬು. ಕಲ್ಲು ನೆಲವನ್ನೂ ಉಳುವ ಹೋರಿಗಳು. ಪ್ರತಿ ಸಲ ಹೊರಡುವಾಗ ಇವರು, ಆಗ ಎಳೇ ಹುಡುಗ, ‘ನಾನೂ ಬತ್ತೀನಿ’ ಎಂದು ಪಂಚೆ ಹಿಡಿದುಕೊಳ್ಳುವುದು. ಅಪ್ಪ ‘ಮುಂದಿನ ಸಾರಿ ಕಣೋ’ ಎಂದು ಬಿಡಿಸಿಕೊಳ್ಳುವುದು. ಒಂದು ವರ್ಷ ಅಪ್ಪ ಜ್ವರದಲ್ಲಿ ಹೋಗಿಬಿಟ್ಟ. ಮುಂದಿನ ಸಾರಿ ಬರಲೇ ಇಲ್ಲ.

‘ನನ್ ಕೆಲ್ಸ ನೋಡಿ ಹೆಂಗೈತೆ’ ಎಂದು ಅವರು ಆಮೇಲೆ ಎಷ್ಟೋ ಸಲ ಹೇಳಿದ್ದುಂಟು. ‘ಅಪ್ಪ ನಾಟಿ ಹೋರಿ ತಂದು ಕೊಟ್ಟ. ನಾನು ಸೀಮೆ ಬೀಜ ಕೊಟ್ಟು ಆ ಕುಲಾನೇ ಅಳಿಸ್ತಾ ಇವ್ನಿ. ಪೂರಾ ಅಳಿಯೋಕ್ ಮುಂಚೆ ಒಂದ್ ಸಾರಿ ಅವುಗಳ ಮನೆಗೋಗಿ ನೋಡ್ಕೊಂಡು ಬರ್ಬೇಕು.’

ಅದಕ್ಕೇ ಈ ಮೋಟಾರ್ ಸೈಕಲ್ ಪ್ರಯಾಣ. ಮಾಲೂರಿನ ಮೇಲೆ ಹೊಸೂರು, ಅಲ್ಲಿಂದ ಡೆಂಕಣಿಕೋಟೆ, ಅಂಚೆಟ್ಟಿ. ಅಂಚೆಟ್ಟಿಯಿಂದ ಮುಂದೆ ಕಾಡಿನ ಗಾಡಿಜಾಡು ಹಿಡಿದು ಹೊಗೇನಕಲ್ಲಿನ ಹತ್ತಿರ ಹೊಳೆ. ಗಾಡಿಯನ್ನು ತೆಪ್ಪದಲ್ಲಿ ದಾಟಿಸಿ, ಆಚೆ ಕಡೆ ಮತ್ತೆ ಕಾಡು, ಮಾದೇಶ್ವರನ ಬೆಟ್ಟ. ಹತ್ತು ದಿನದ ಲೆಕ್ಕ. ಒಬ್ಬರಿಂದ ಆಗುವುದಲ್ಲ; ಮರಳಲ್ಲಿ ಗಾಡಿ ಹೂತರೆ ಎತ್ತಲು ಇನ್ನೊಂದು ಜೊತೆ ಕೈ ಬೇಕು. ಆ ಕೈ ನನ್ನದೇ ಯಾಕಾಗಬೇಕು ಎಂದು ಕೇಳಿದ್ದಕ್ಕೆ, ‘ನಾನು ನೋಡ್ತೀನಿ, ನೀವು ಬರೀರಿ. ನಂಗೆ ರಿಜಿಸ್ಟರ್ ಬಿಟ್ರೆ ಬೇರೆ ಬರೆಯೋಕೆ ಬರಲ್ಲ. ನಿಮ್ಗೆ ನೋಡೋಕೆ ಬರಲ್ಲ’ ಎಂದರು. ಸಿಟ್ಟು ಬಂತು. ಆದರೆ ಒಪ್ಪಿಕೊಂಡೆ. ಅಂಥ ಮಾತನ್ನು ನನಗೆ ಯಾರೂ ಅದುವರೆಗೆ ಹೇಳಿರಲಿಲ್ಲ.

ಅಯ್ಯೋ, ಆ ಯೋಜನೆಯ ಸಂಭ್ರಮವೇ! ನಕ್ಷೆಯನ್ನು ಅವರು ನಂಬಲಿಲ್ಲ. ದಾರಿಯನ್ನು ಮನುಷ್ಯರ ಬಾಯಿಂದ ಹೆಕ್ಕಿದರು. ಕೋಲಾರದ ಸಂತೆಯಲ್ಲಿ ಮುದಿ ದನಗಾರರನ್ನು ಕೂರಿಸಿಕೊಂಡು ಬೀಡಿ ಕೊಟ್ಟು ಕೇಳುವುದು. ಮಾಲೂರಿನಲ್ಲಿ ಇದ್ದಿಲು ಲಾರಿಯವರನ್ನು ಅಡ್ಡ ಹಾಕಿ ಕೇಳುವುದು. ಭಾನುವಾರ ಬೆಳಿಗ್ಗೆ ಬೀಗ ತೆಗೆಸಿ ನನ್ನ ತರಗತಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ದಾರಿ ಬರೆಯುವುದು. ನೀರಿದ್ದ ಕಡೆ ಚೊಂಬು, ಆನೆ ದಾಟುವ ಕಡೆ ಬಾಲದ ಒಂದು ಗೀಟು. ಮೈಲಿಗಲ್ಲಿನ ಲೆಕ್ಕವೇ ಇಲ್ಲ; ಎಲ್ಲ ಹೋರಿ ನಡಿಗೆಯ ಲೆಕ್ಕ. ‘ಇಲ್ಲಿಂದ ಇಲ್ಲಿಗೆ ಒಂದೊತ್ತಿನ ನಡೆ. ಅಂದ್ರೆ ಗಾಡಿಗೆ ಒಂದು ಗಂಟೆ. ಹಳ್ಳದಾಗೆ ನೀರಿದ್ರೆ ಎರಡು.’ ಸೋಮವಾರ ಹುಡುಗರು ಬಂದು ಅದರ ಮೇಲೆ ಕೂತು ಚಡ್ಡಿಯೆಲ್ಲ ಸುಣ್ಣ ಮಾಡಿಕೊಳ್ಳುತ್ತಿದ್ದರು. ಮುಂದಿನ ಭಾನುವಾರ ಮತ್ತೆ ಹೊಸದಾಗಿ ಬರೆಯುತ್ತಿದ್ದೆವು.

ಪೆಟ್ರೋಲಿನದು ದೊಡ್ಡ ತಲೆನೋವು. ಡೆಂಕಣಿಕೋಟೆ ಬಿಟ್ಟರೆ ಮುಂದೆ ಬಂಕಿಲ್ಲ. ಅದಕ್ಕೂ ಅವರು ದಾರಿ ಕಂಡುಹಿಡಿದರು. ಮುಳಬಾಗಿಲಿನಲ್ಲಿ ಒಬ್ಬ ಹುಣಸೆಹಣ್ಣಿನ ಶೆಟ್ಟರಿದ್ದರು. ಹಣ್ಣು ಕೀಳುವ ಕಾಲಕ್ಕೆ ಅವರ ಲಾರಿ ಖಾಲಿ ಹೋಗಿ ಅಂಚೆಟ್ಟಿ ಕಡೆಯಿಂದ ತುಂಬಿಕೊಂಡು ಬರುತ್ತಿತ್ತು. ಅದರಲ್ಲಿ ಒಂದು ಟಿನ್ ಪೆಟ್ರೋಲು ಮುಂಚಿತವಾಗಿ ಕಳಿಸಿ, ಅಂಚೆಟ್ಟಿಯ ಒಂದು ಟೀ ಅಂಗಡಿಯಲ್ಲಿ ಇಡಿಸುವುದು. ಮನೆಯಲ್ಲೂ ವ್ಯಾಪಾರದಲ್ಲೂ ತೆಲುಗೇ ಆಡುವ ಶೆಟ್ಟರು ಕನ್ನಡಕದ ಮೇಲಿನಿಂದ ನೋಡಿ, ‘ಏಮಿ ಸಾಮಿ, ಎದ್ದುಲು ಕೊನೇದಾನಿಕಾ?’ ಎಂದು ಕೇಳಿದರು. ಎತ್ತು ಕೊಳ್ಳೋದಕ್ಕಾ ಅಂತ. ‘ಕಾದು ಶೆಟ್ಟಿಗಾರೂ, ಚೂಡೇದಾನಿಕಿ’ ಎಂದರು ಇವರು. ಕೊಳ್ಳೋಕಲ್ಲ, ಬರೀ ನೋಡೋಕೆ. ಶೆಟ್ಟರು ತಲೆ ಕೆರೆದುಕೊಂಡರು. ಆದರೂ ಟಿನ್ ಒಯ್ಯಲು ಒಪ್ಪಿದರು.

ತೂಕದ ಕಥೆ ಹೇಳದಿದ್ದರೆ ಅವರು ನಿಮಗೆ ಅರ್ಥವಾಗುವುದಿಲ್ಲ. ತೆಪ್ಪ ಎಷ್ಟು ಭಾರ ತಡೆಯುತ್ತದೋ ಗೊತ್ತಿಲ್ಲ. ಮೊದಲು ನಮ್ಮ ಭಾರ ಗೊತ್ತಿರಬೇಕಲ್ಲ ಎಂದು ನನ್ನನ್ನು ಶ್ರೀನಿವಾಸಪುರದ ಮಾವಿನ ಮಂಡಿಗೆ ಕರೆದುಕೊಂಡು ಹೋದರು. ಬೇಸಿಗೆಯ ನಡುಮಧ್ಯ, ಮಂಡಿಯಲ್ಲಿ ಕಾಲಿಡಲು ಜಾಗವಿಲ್ಲ. ಹುಲ್ಲು ಹಾಸಿದ ರಾಶಿಗಳ ನಡುವೆ, ಮಾವು ತೂಗುವ ದೊಡ್ಡ ತಕ್ಕಡಿಯ ಮೇಲೆ ಹಾಸಿಗೆ ಸುರುಳಿ, ಪಾತ್ರೆ ಚೀಲ, ಟೈರ್ ಟ್ಯೂಬಿನ ಜೊತೆ ನನ್ನನ್ನೂ ಕೂರಿಸಿದರು. ತೂಗುವವನು ಕಲ್ಲು ಇಟ್ಟು ಇಟ್ಟು, ಅಭ್ಯಾಸಬಲದಿಂದ ತೂಕವನ್ನು ರಾಗವಾಗಿ ಕೂಗಿಯೇಬಿಟ್ಟ. ಹರಾಜಿನ ದಳ್ಳಾಳಿಯೊಬ್ಬ ಓಡಿಬಂದು, ‘ಮೇಷ್ಟ್ರು ಒಂದ್ ಲಾಟು! ಕಾಯೋ ಹಣ್ಣೋ?’ ಎಂದ. ಮಂಡಿಗೆ ಮಂಡಿಯೇ ನಕ್ಕಿತು. ‘ಇನ್ನೂ ಕಾಯಿ. ಹಣ್ಣಾಗೋಕೆ ಇಕ್ಕಿವ್ನಿ’ ಎಂದರು ಇವರು, ಮುಖ ಸ್ವಲ್ಪವೂ ಸಡಿಲಿಸದೆ. ನನ್ನ ಹೆಂಡತಿಯ ತವರಿನವರೊಬ್ಬರು ಅಲ್ಲೇ ಇದ್ದರು. ಆ ಮಾತು ನನಗಿಂತ ಮೊದಲು ಮನೆ ತಲುಪಿತ್ತು.

ಇನ್ನು ತೆಪ್ಪ. ನಮ್ಮದು ಹೊಳೆಯಿಲ್ಲದ ಸೀಮೆ. ಕೆರೆ ತುಂಬಿದರೆ ಅದೇ ನಮಗೆ ಸಮುದ್ರ. ತೆಪ್ಪವನ್ನು ಅವರೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ದುಂಡಗೆ ಬುಟ್ಟಿಯ ಹಾಗಿರುತ್ತದೆ ಅಂತ ಪುಸ್ತಕದಲ್ಲಿ ಓದಿ ನಾನೇ ಹೇಳಿದ್ದು. ಕೇಳಿದ್ದೇ ತಡ, ಅವರ ತಲೆಯಲ್ಲಿ ಆಲೆಮನೆಯ ಕೊಪ್ಪರಿಗೆ ಹೊಳೆಯಿತು. ಕಬ್ಬಿನ ಹಾಲು ಕಾಸುವ ಆ ದೊಡ್ಡ ಕಬ್ಬಿಣದ ಬಾಣಲೆಯೂ ದುಂಡಗೇ ಇರುತ್ತದಲ್ಲ! ಆ ವರ್ಷ ಕೆರೆ ಕೋಡಿ ಬಿದ್ದಿತ್ತು. ಗೌಡರೊಬ್ಬರ ಕೊಪ್ಪರಿಗೆಯನ್ನು ಎತ್ತಿನ ಗಾಡಿಯಲ್ಲಿ ತರಿಸಿ ಕೆರೆಗೆ ಇಳಿಸಿದರು. ಹಲಗೆ ಹಾಕಿ ಮೋಟಾರ್ ಸೈಕಲ್ಲನ್ನು ಅದರೊಳಗೆ ಮಲಗಿಸಿದರು. ತೇಲಿತು! ಏರಿಯ ಮೇಲೆ ನಿಂತ ಜನವೆಲ್ಲ ಕೇಕೆ ಹಾಕಿದರು. ಅವರು ಗೆದ್ದವರ ಹಾಗೆ ನನ್ನ ಕಡೆ ತಿರುಗಿ, ‘ಪದಂಡಿ ಮೇಷ್ಟ್ರೇ, ಹತ್ತಿ’ ಎಂದರು.

ಈ ‘ಪದಂಡಿ’ ಅವರ ಬಾಯಿಮಾತು. ತೆಲುಗಿನಲ್ಲಿ ನಡೆಯಿರಿ, ಹೊರಡೋಣ ಅಂತ. ಕಿಕ್ ಹೊಡೆಯುವ ಮುಂಚೆ ಗಾಡಿಯ ಪೆಟ್ರೋಲ್ ಟ್ಯಾಂಕನ್ನು ಹಸುವಿನ ಪಕ್ಕೆ ತಟ್ಟಿದ ಹಾಗೆ ಎರಡು ಸಲ ತಟ್ಟಿ, ಹಿಂದೆ ಕೂತ ನನಗೋ ಗಾಡಿಗೋ ಎಂಬಂತೆ ‘ಪದಂಡಿ’ ಎನ್ನುವರು.

ಹತ್ತಿದೆ. ಕೊಪ್ಪರಿಗೆಯ ಅಂಚಿನ ಮೇಲೆ ಕಾಲಿಟ್ಟೆ. ಅದು ಹಾಗೇ ನನ್ನ ಕಡೆ ವಾಲಿ, ಗುಳುಗುಳು ಎಂದು ನೀರು ಕುಡಿದು, ಗಾಡಿ ಸಮೇತ ತಳ ಸೇರಿತು. ನಡುಮಟ್ಟದ ನೀರು, ಯಾರೂ ಸಾಯುವ ಹಾಗಿರಲಿಲ್ಲ. ಎರಡು ಜೊತೆ ಎತ್ತು ಕಟ್ಟಿ ಗಾಡಿಯನ್ನು ಎಳೆಸಿದ್ದಾಯಿತು. ಎಂಜಿನ್ ಬಿಚ್ಚಿ ನಮ್ಮ ಮನೆಯ ಮಂಚದ ಮೇಲೆ ಒಂದೊಂದೇ ಭಾಗ ಒಣಹಾಕಿದರು. ನಾನು ಮುಖ ತೋರಿಸಲಾರದೆ ಮೂಲೆಯಲ್ಲಿ ನಿಂತಿದ್ದರೆ ಅವರು ಹಸುಗಳ ರಿಜಿಸ್ಟರ್ ತೆಗೆದು ಏನನ್ನೋ ಬರೆದುಕೊಂಡರು.

‘ಏನು ಬರೆದ್ರಿ?’

‘ಕಲ್ತಿದ್ದು ಬರ್ದೆ. ಮೊದ್ಲು ಮೇಷ್ಟ್ರು ಹತ್ತಿ ನಡುಮಧ್ಯೆ ಕೂರ್ಬೇಕು. ಆಮೇಲೆ ಗಾಡಿ.’

ಒಂದು ಬೈಗುಳವಿಲ್ಲ. ಅದೇ ಅವರ ದೊಡ್ಡಸ್ತಿಕೆ. ನಾನು ಅವರ ಜಾಗದಲ್ಲಿದ್ದರೆ ಮೇಷ್ಟ್ರನ್ನು ಕೆರೆಯಲ್ಲೇ ಬಿಟ್ಟು ಬರುತ್ತಿದ್ದೆ.

ವರ್ಷ ವರ್ಷವೂ ದಿನ ಗೊತ್ತು ಮಾಡುತ್ತಿದ್ದೆವು, ವರ್ಷ ವರ್ಷವೂ ತಪ್ಪುತ್ತಿತ್ತು. ಒಂದು ಸಲ ಕಾಲುಬಾಯಿ ಜ್ವರ. ಒಂದು ಸಲ ನನ್ನ ಮಗಳು ಹುಟ್ಟಿದಳು. ಇನ್ನೊಂದು ಸಲ ಗಂಟು ಮೂಟೆ ಕಟ್ಟಿ ಹೊರಟೇಬಿಟ್ಟಿದ್ದೆವು; ಊರ ಬಾಗಿಲಲ್ಲಿ ಒಬ್ಬಾಕೆ ಅಡ್ಡ ಬಂದು, ‘ಸಾಮೀ, ನಮ್ ಹಸ ಕರು ಹಾಕೋಕಾಗ್ದೆ ಒದ್ದಾಡ್ತೈತೆ’ ಎಂದು ಅಳುತ್ತ ನಿಂತಳು. ಅವರು ಗಾಡಿ ನಿಲ್ಲಿಸಿ, ಅಂಗಿಯ ತೋಳು ಮಡಿಚಿ ನಡೆದರು. ಕರು ಬದುಕಿತು. ಆದರೆ ಹಸುವನ್ನು ಮೂರು ದಿನ ಬಿಟ್ಟು ಬರುವ ಹಾಗಿರಲಿಲ್ಲ. ಆಮೇಲೆ ಅವರಿಗೆ ಉಳಿದ ರಜ ಸಾಲಲಿಲ್ಲ.

ಕೊನೆಗೂ ಎಲ್ಲ ಕೂಡಿಬಂದ ವರ್ಷ ಎಂಬತ್ತರ ಹೊಸ್ತಿಲಲ್ಲಿತ್ತು. ಅವರಿಗೆ ಹದಿನೈದು ದಿನದ ರಜ. ನನಗೆ ಬೇಸಿಗೆ ರಜ. ಹಳ್ಳಗಳಲ್ಲಿ ನೀರಿಲ್ಲ. ಟಿನ್ ಅಂಚೆಟ್ಟಿ ತಲುಪಿದೆ ಎಂದು ಶೆಟ್ಟರಿಂದ ಹೇಳಿಕೆ ಬಂದಿತ್ತು. ಕಾಡಿನ ಮುಳ್ಳಿಗೆ ಬೇಕಾಗುತ್ತದೆ ಎಂದು ಮಾಲೂರಿನಲ್ಲಿ ಹಳೇ ಟೈರಿನ ಅಟ್ಟೆ ಹಾಕಿಸಿ ನನಗೊಂದು ಜೊತೆ ಮೆಟ್ಟು ಹೊಲಿಸಿಕೊಟ್ಟಿದ್ದರು. ತೂಕವಾದ, ಕುರೂಪಿ ಮೆಟ್ಟು. ಅಂಥದ್ದು ಊರಲ್ಲಿ ಇನ್ನೊಂದಿರಲಿಲ್ಲ. ಕಾಲಿಗೆ ಪಳಗಲಿ ಎಂದು ದಿನಾ ಅದನ್ನೇ ಮೆಟ್ಟುತ್ತಿದ್ದೆ.

ಹೊರಡಲು ಒಂದು ವಾರವಿದ್ದಾಗ ಮಾಲೂರಿನ ಇದ್ದಿಲು ಲಾರಿಯವನೊಬ್ಬ, ಅಂಚೆಟ್ಟಿಯ ಆಚೆ ಒಂಟಿ ಸಲಗ ಸೈಕಲ್ಲಿನವನೊಬ್ಬನನ್ನು ಹೇಗೆ ಎತ್ತಿ ಹಾಕಿತು ಎಂದು ಕೈಬಾಯಿ ಸಮೇತ ವರ್ಣಿಸಿದ. ಸೈಕಲ್ಲು ಬೇಲಿಯ ಮೇಲೆ ಸಿಕ್ಕಿತಂತೆ. ಡಾಕ್ಟ್ರು ಶಾಂತವಾಗಿ ಆ ಜಾಗಕ್ಕೆ ಬಾಲದ ಗೀಟು ಎಳೆದುಕೊಂಡು, ‘ಹತ್ತು ಗಂಟೆ ಮೇಲೆ ದಾಟಿದ್ರಾಯ್ತು’ ಎಂದರು. ನನ್ನ ಕಥೆ ಬೇರೆ. ಈಗ ಬಣ್ಣ ಬಳಿಯುವುದೇನು? ಹೆದರಿಕೆಯಾಯಿತು. ಹೆದರಿಕೆಯಾಗುತ್ತಿದೆ ಎಂದು ಹೇಳಲು ಇನ್ನೂ ಹೆದರಿಕೆಯಾಯಿತು.

‘ಡಾಕ್ಟ್ರೇ, ಪರೀಕ್ಷೆ ಪೇಪರ್ ತಿದ್ದೋ ಡ್ಯೂಟಿ ಹಾಕ್ಬಿಟ್ಟಿದ್ದಾರೆ. ಬೆಂಗಳೂರಲ್ಲಿ ಹತ್ತು ದಿನ’ ಎಂದೆ.

ಅವರು ಗಾಡಿಯ ಚೈನಿಗೆ ಎಣ್ಣೆ ಬಿಡುತ್ತಿದ್ದರು. ತಲೆ ಎತ್ತಲಿಲ್ಲ. ‘ಸರ್ಕಾರಿ ಕೆಲ್ಸ. ಏನ್ ಮಾಡೋಕಾಯ್ತದೆ.’

ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೂ ಆಗಿತ್ತು. ‘ಮುಂದಿನ ಸಾರಿ ಖಂಡಿತ’ ಎಂದುಬಿಟ್ಟೆ. ಆಡಿದ ಮೇಲೆ ಅದು ಯಾರ ಮಾತು ಎಂದು ನೆನಪಾಯಿತು. ಅವರು ಎಣ್ಣೆ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಇದ್ದರು, ತಿರುಗಿಸುತ್ತಲೇ ಇದ್ದರು.

ಸುಳ್ಳು ಹೇಳಿದ ಮೇಲೆ ಬೆಂಗಳೂರಿಗಾದರೂ ಹೋಗಬೇಕಿತ್ತು. ನಾನು ಮನೆಯಲ್ಲೇ ಕೂತೆ. ಅವರು ರಜ ಬಿಟ್ಟುಕೊಟ್ಟು ಮತ್ತೆ ಕೆಲಸಕ್ಕೆ ಇಳಿದರು. ಹೊರಡಬೇಕಿದ್ದ ದಿನ ಕಳೆದು ನಾಲ್ಕನೇ ದಿನ ಪಕ್ಕದ ಮನೆಯ ಹಸು ಬೆದೆಗೆ ಬಂತು. ಬೀದಿಯ ತಿರುವಿನಲ್ಲಿ ಆ ಗಾಡಿಯ ಸದ್ದು ಕೇಳುತ್ತಲೇ ನಾನು ಒಳಕೋಣೆಗೆ ಹೋಗಿ ರಾಗಿ ತುಂಬಿಡುವ ಮಣ್ಣಿನ ವಾಡೆಯ ಹಿಂದೆ ಕಳ್ಳನ ಹಾಗೆ ನಿಂತೆ. ಅವರು ಕೆಲಸ ಮುಗಿಸಿ ನಮ್ಮ ಬಾಗಿಲಿಗೇ ಬಂದರು.

‘ಒಂದ್ ಚೊಂಬು ನೀರು ಕೊಡಮ್ಮ, ಕೈ ತೊಳ್ಕೋಬೇಕು.’

‘ಅವ್ರು ಬೆಂಗಳೂರಿಗೆ ಹೋಗವ್ರೆ, ಪೇಪರ್ ನೋಡೋಕೆ’ ಎಂದಳು ನನ್ನ ಹೆಂಡತಿ. ಯಾರೂ ಕೇಳಿರಲಿಲ್ಲ. ಪಾಪ, ಅವಳಿಗೆ ಸುಳ್ಳಿನ ಅಭ್ಯಾಸವಿಲ್ಲ.

‘ಹೌದೌದು, ಹೇಳಿದ್ರು.’

ಅಷ್ಟರಲ್ಲಿ ದಪ್ಪ ಹನಿಯ ಮಳೆ ಶುರುವಾಯಿತು, ಮಾವಿನ ಕಾಲದ ಮಳೆ. ಗಾಡಿ ಹೊರಟ ಸದ್ದು ಕೇಳಿಸಿತು. ಮಳೆ ನಿಂತ ಮೇಲೆ ಹೊರಗೆ ಬಂದೆ. ಅಂಗಳದಲ್ಲಿ ಬಿಟ್ಟಿದ್ದ ನನ್ನ ಟೈರಿನ ಮೆಟ್ಟು ಅಲ್ಲಿರಲಿಲ್ಲ. ಜಗಲಿಯ ಮೇಲೆ, ನೀರು ತಾಕದ ಕಡೆ, ಗೋಡೆಗೆ ಒರಗಿಸಿ ಜೋಡಿಸಿಟ್ಟಿತ್ತು. ‘ನೀನಿಟ್ಟೆಯಾ?’ ಎಂದೆ. ‘ಇಲ್ಲ. ಹೋಗ್ತಾ ಅವ್ರೇ ಎತ್ತಿಟ್ರು’ ಎಂದಳು.

ಆಮೇಲೆ ನಾವು ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು. ಮೊದಲಿನ ಹಾಗೇ ಬಂದು ಎಡಗೈಯಲ್ಲಿ ಕಾಫಿ ಕುಡಿಯುತ್ತಿದ್ದರು; ಮಗಳಿಗೆ ಶ್ರೀನಿವಾಸಪುರದ ಮಾವು ತಂದುಕೊಡುತ್ತಿದ್ದರು. ಮೆಟ್ಟಿನ ಮಾತು ಎತ್ತಲಿಲ್ಲ, ಕಾಡಿನ ಮಾತೂ ಎತ್ತಲಿಲ್ಲ. ನನ್ನನ್ನು ಹಿಂದೆ ಕೂರಿಸಿಕೊಂಡಾಗ ಟ್ಯಾಂಕ್ ತಟ್ಟುತ್ತಿದ್ದರು, ‘ಪದಂಡಿ’ ಎನ್ನುತ್ತಿರಲಿಲ್ಲ. ಒಂದು ಸಲ ಅನ್ನಲಿ ಎಂದು ನಾನು ಹಿಂದೆ ಕೂತು ಕಾಯುತ್ತಿದ್ದೆ. ಅಂದರೆ, ಈ ಸಲ ಹೋಗೋಣ ಡಾಕ್ಟ್ರೇ ಎಂದುಬಿಡುತ್ತಿದ್ದೆ. ನಾನೇ ಮೊದಲು ಎನ್ನಬಹುದಿತ್ತಲ್ಲ? ಎನ್ನಲಿಲ್ಲ. ನಾಚಿಕೆ ಮನುಷ್ಯನ ನಾಲಿಗೆಯನ್ನು ಹಾಗೆ ಕಟ್ಟಿಹಾಕುತ್ತದೆ.

ಅವರಿಗೆ ಮುಳಬಾಗಿಲು ಕಡೆಗೆ ವರ್ಗವಾಯಿತು. ಭೇಟಿ ಕಡಿಮೆಯಾಯಿತು. ನಿವೃತ್ತರಾದ ವರ್ಷವೇ, ಮಳೆಗಾಲದಲ್ಲಿ, ಎದೆನೋವು ಬಂದು ತೀರಿಕೊಂಡರು. ಹದಿಮೂರನೇ ದಿನಕ್ಕೆ ಹೋದೆ. ಮೋಟಾರ್ ಸೈಕಲ್ಲು ಕೊಟ್ಟಿಗೆಯಲ್ಲಿ ಗೋಣಿ ಹೊದ್ದು ನಿಂತಿತ್ತು. ಅವರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದರು.

‘ಆಸ್ಪತ್ರೆಯಾಗೆ ಹೇಳಿದ್ರು ಮೇಷ್ಟ್ರೇ. ಅಂಚೆಟ್ಟೀಲಿ ಟಿನ್ನು ಐತಂತೆ, ಮೇಷ್ಟ್ರಿಗೆ ಹೇಳು ಅಂದ್ರು. ಯಾವ ಟಿನ್ನು ಅಂತ ನಂಗೊತ್ತಿಲ್ಲ.’

ನಾನು ಅದು ಆ ಹಳೆಯ ಟಿನ್ನೇ ಇರಬೇಕು ಎಂದುಕೊಂಡೆ. ಬೇಸಿಗೆ ರಜ ಬರಲಿ ಎಂದು ಕಾದೆ. ಮುಂದೂಡುವುದು ನನಗೆ ಚೆನ್ನಾಗಿ ಅಭ್ಯಾಸವಾಗಿತ್ತು. ಏಪ್ರಿಲ್ಲಿನಲ್ಲಿ ಟೈರಿನ ಮೆಟ್ಟು ಮೆಟ್ಟಿಕೊಂಡು ಬಸ್ಸು ಹತ್ತಿದೆ. ಕೋಲಾರ, ಮಾಲೂರು, ಹೊಸೂರು, ಡೆಂಕಣಿಕೋಟೆ. ಸೀಮೆಸುಣ್ಣದಲ್ಲಿ ಬರೆದ ಊರುಗಳು ಕಿಟಕಿಯಲ್ಲಿ ಒಂದೊಂದಾಗಿ ಬಂದವು, ಅವರು ಹೇಳಿದ ಸಾಲಿನಲ್ಲೇ. ನನಗೆ ಅಳು ಬಂತು. ಪಕ್ಕದವನು ಬೀಡಿ ಹೊಗೆ ಅಂದುಕೊಂಡು ಬೀಡಿ ಆರಿಸಿದ.

ಅಂಚೆಟ್ಟಿಯ ಟೀ ಅಂಗಡಿಯಾಕೆ ಐವತ್ತು ದಾಟಿದ ಹೆಂಗಸು. ಕನ್ನಡ, ತೆಲುಗು, ತಮಿಳು ಮೂರನ್ನೂ ಕಲಸಿ ಆಡುವಾಕೆ. ಕೋಲಾರದ ಕಡೆಯವನು, ಪೆಟ್ರೋಲ್ ಟಿನ್ನು ಎನ್ನುತ್ತಿದ್ದಂತೆ ನನ್ನ ಕಾಲಿನ ಮೆಟ್ಟು ನೋಡಿ, ‘ನೀವೇನಾ ಟೈರ್ ಮೆಟ್ಟಿನ ಮೇಷ್ಟ್ರು?’ ಎಂದಳು. ‘ಅಬ್ಬ, ಬಂದ್ರಲ್ಲ! ಪ್ರತಿ ವರ್ಷಾನೂ ಹುಣಸೆ ಲಾರೀಲಿ ಟಿನ್ನು ಬರೋದು. ಹಳೇದು ಲಾರಿಯವ್ರಿಗೆ ಕೊಟ್ಬಿಡು, ಹೊಸದು ಇಟ್ಕೋ ಅಂತ ಹೇಳಿ ಕಳ್ಸೋರು. ಮೇಷ್ಟ್ರು ಯಾವತ್ತು ಅಂದ್ರೆ ಅವತ್ತು ಬರ್ತೀವಿ ಅಂತ.’

‘ಪ್ರತಿ ವರ್ಷಾನಾ?’

ಆಕೆ ಮೂಲೆಯಲ್ಲಿ ನೇತಾಡುತ್ತಿದ್ದ ತಂತಿಯನ್ನು ಇಳಿಸಿದಳು. ಅದಕ್ಕೆ ಚುಚ್ಚಿದ್ದ ಚೀಟಿಗಳಲ್ಲಿ ಆರನ್ನು ಹೆಕ್ಕಿ ಕೊಟ್ಟಳು. ಎಲ್ಲ ಹಸುಗಳ ರಿಜಿಸ್ಟರಿನಿಂದ ಹರಿದ ಹಾಳೆ. ಆ ಕೈಬರಹ ನನಗೆ ಗೊತ್ತು. ಆರರಲ್ಲೂ ಒಂದೇ ಒಕ್ಕಣೆ: ಇಬ್ಬರಿಗೆ ಸಾಕಾಗುವಷ್ಟು ಇದೆ. ಸಲಗದ ದಾರಿ ಬಿಟ್ಟು ಕೆಳಗಿನ ದಾರಿ ಗೊತ್ತು ಮಾಡಿದ್ದೇನೆ, ಮೇಷ್ಟ್ರು ಹೆದರಬೇಕಾಗಿಲ್ಲ. ತೆಪ್ಪಕ್ಕೆ ಮೊದಲು ಮೇಷ್ಟ್ರು, ಆಮೇಲೆ ಗಾಡಿ.

ಗೊತ್ತಿತ್ತು. ಮೆಟ್ಟು ಕಂಡದ್ದಷ್ಟೇ ಅಲ್ಲ, ನಾನು ಯಾಕೆ ಅಡಗಿದ್ದೆ ಅನ್ನುವುದೂ ಅವರಿಗೆ ಗೊತ್ತಿತ್ತು. ನಾನು ಬಾಯಿ ಬಿಡಲಿ ಎಂದು ಅವರು ಇಷ್ಟು ವರ್ಷ ಕಾದರು. ಅವರು ‘ಪದಂಡಿ’ ಎನ್ನಲಿ ಎಂದು ನಾನು ಕಾದೆ. ಇಬ್ಬರೂ ಒಂದೇ ಗಾಡಿಯ ಮೇಲೆ ಕೂತು ಕಾದೆವು.

ಕೊನೆಯ ಟಿನ್ನು ಬೆಂಚಿನ ಕೆಳಗಿತ್ತು. ಅದರ ಕತ್ತಿಗೆ ಕಟ್ಟಿದ ಚೀಟಿಯನ್ನು ಯಾರೂ ಬಿಚ್ಚಿರಲಿಲ್ಲ. ಆಕೆಗೆ ಕನ್ನಡ ಓದಲು ಬರುವುದಿಲ್ಲ. ಓದಿ ಹೇಳುತ್ತಿದ್ದ ಕ್ಲೀನರ್ ಹುಡುಗ ಬೇರೆ ಲಾರಿಗೆ ಹೋಗಿದ್ದ. ಬಿಚ್ಚಿದೆ. ಅದೇ ಕೈಬರಹ, ಕೆಳಗೆ ದಾರಿಯ ಗೀಟು, ಅಲ್ಲಲ್ಲಿ ಚೊಂಬು.

‘ಏನಂತೆ?’ ಎಂದಳು.

‘ಮೇಷ್ಟ್ರು ಒಬ್ಬರೇ ಬಂದರೆ ಮುಂದಕ್ಕೆ ದಾರಿ ತೋರಿಸಿ, ಅಂತ.’

ಆಕೆ ಸೆರಗಿಗೆ ಕೈ ಒರೆಸಿಕೊಂಡು ಅಂಗಡಿಯಿಂದ ಹೊರಗೆ ಬಂದಳು. ಹುಣಸೆ ಮರದ ಪಕ್ಕದಿಂದ ಕೆಮ್ಮಣ್ಣಿನ ಜಾಡೊಂದು ಕಾಡಿಗೆ ಇಳಿದು ಹೋಗುತ್ತಿತ್ತು.

‘ಅದೇ ಕೆಳಗಿನ ದಾರಿ. ಇವತ್ತು ಮಧ್ಯಾಹ್ನ ದೊಡ್ಡಿಗೆ ಹೋಗೋ ದನದವ್ರು ಬರ್ತಾರೆ. ಹೊಳೆಗೆ ಮೂರು ದಿನದ ನಡೆ. ಹೋಗ್ತೀರಾ? ಇಲ್ಲಾ ಬಸ್ಸಾ?’

ಡೆಂಕಣಿಕೋಟೆಯ ಬಸ್ಸು ಹಾರನ್ ಹೊಡೆಯುತ್ತಾ ನಿಂತಿತ್ತು. ಕಂಡಕ್ಟರು ನನ್ನನ್ನೇ ನೋಡುತ್ತಿದ್ದ. ಹೆದರಿಕೆಯಿತ್ತು. ಈ ಸಲ ಸುಳ್ಳು ಹೇಳುವುದಿಲ್ಲ, ಮೊದಲಿಗಿಂತ ಹೆಚ್ಚೇ ಇತ್ತು. ಬಸ್ಸು ಹೋಯಿತು. ನಾನು ಹತ್ತಲಿಲ್ಲ.

ಮೂರು ದಿನ ಆಲಂಬಾಡಿ ದನಗಳ ಹಿಂದೆ ನಡೆದೆ. ಕಪ್ಪಿಗೆ ತಿರುಗಿದ ಬೂದು ಬಣ್ಣ, ಹಿಂದಕ್ಕೆ ಬಾಗಿದ ಕೊಂಬು. ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಮುಂಚೆ ನೂರಾರು ಇರುತ್ತಿದ್ದವಂತೆ, ಈಗ ಮೂವತ್ತು ಚಿಲ್ಲರೆ. ಚೀಟಿಯಲ್ಲಿ ನೀರು ಎಂದು ಚೊಂಬು ಬರೆದಿದ್ದ ಕಡೆಯೆಲ್ಲ ನೀರು ಸಿಕ್ಕಿತು. ನಾನು ನೋಡಿದೆ, ನೋಡಿದ್ದನ್ನು ಬರೆದುಕೊಂಡೆ. ಇಬ್ಬರ ಕೆಲಸವನ್ನೂ ಒಬ್ಬನೇ ಮಾಡುವುದು ಎಷ್ಟು ಕಷ್ಟ ಎಂದು ಹೆಜ್ಜೆಹೆಜ್ಜೆಗೂ ಗೊತ್ತಾಗುತ್ತಿತ್ತು.

ಹೊಳೆ ಬಂತು. ದನಗಳು ಈಜಿಕೊಂಡು ದಾಟಿದವು. ತೆಪ್ಪ ನಿಜಕ್ಕೂ ಬುಟ್ಟಿಯ ಹಾಗೇ ಇತ್ತು, ಕೊಪ್ಪರಿಗೆಯ ಹಾಗಲ್ಲ. ‘ಹತ್ತಿ ಸಾಮಿ’ ಎಂದ ತೆಪ್ಪದವನು. ಮೆಟ್ಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಅಂಚು ಮೆಟ್ಟದೆ ಹುಷಾರಾಗಿ ಹತ್ತಿ, ನಡುಮಧ್ಯೆ ಕೂತೆ. ಕೂತವನು ದಡದ ಕಡೆ ತಿರುಗಿ ನೋಡಿದೆ.

ತೆಪ್ಪದವನು ಹುಟ್ಟು ಎತ್ತಿಕೊಂಡವನು ಹಾಗೇ ನಿಂತ. ‘ಇನ್ಯಾರಾದ್ರೂ ಬರ್ಬೇಕಾ ಸಾಮಿ?’

‘ಬರ್ಬೇಕಿತ್ತು’ ಎಂದೆ.

ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ತೆಪ್ಪ ಬಿಟ್ಟ.